ಬೆಟ್ಟದ ಚಿತ್ರ, ಚಿತ್ರದ ಅಳತೆ

ತುಮಕೂರು ನಗರದ ಪೂರ್ವಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿ ದೇವರಾಯನದುರ್ಗವೆಂಬ ಗಿರಿಧಾಮವಿದೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿಗಳ ಎತ್ತರಕ್ಕೆ ತಲೆಯೆತ್ತಿ ನಿಂತಿರುವ ಈ ಕಲ್ಲುಬೆಟ್ಟವನ್ನು ದಟ್ಟವಾದ ಕಾಡು ಸುತ್ತುವರಿದಿದೆ. ಮೊದಲು ಆನೆಬಿದ್ದಸರಿ ಎಂದೂ, ಅನಂತರ ಜಡಕನೆಂಬ ನಾಯಕನಿಂದಾಗಿ ಜಡಕನದುರ್ಗವೆಂದೂ ಹೆಸರಾಗಿದ್ದ ಈ ಸ್ಥಳವು ಮೈಸೂರಿನ ಚಿಕ್ಕದೇವರಾಜ ಒಡೆಯರ ವಶಕ್ಕೆ ಬಂದ ಮೇಲೆ ದೇವರಾಯನದುರ್ಗವಾಯಿತು. ಬೆಟ್ಟದ ಕೆಳಭಾಗದಲ್ಲಿ ಭೋಗನರಸಿಂಹನ ಗುಡಿಯೂ ನೆತ್ತಿಯ ಬಳಿ ಯೋಗನರಸಿಂಹನ ಗುಡಿಯೂ ಇವೆ. ತಪ್ಪಲಿನ ಕಾಡಿನಲ್ಲಿ ಬಂಡೆಯೊಳಗಿನಿಂದ ಉಕ್ಕುವ ನಾಮದ ಚಿಲುಮೆ ಯಾತ್ರಿಕರಿಗೆಲ್ಲ ಪರಿಚಿತವಾದುದು. ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವ ಜಯಮಂಗಲಿ, ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುವ ಶಿಂಷಾ ಈ ಎರಡು ನದಿಗಳಿಗೂ ಇಲ್ಲಿನ ಬೆಟ್ಟಸಾಲೇ ತವರು.

ಇಂತಹ ಬೆಟ್ಟವನ್ನು ಕಂಡವರು ಅದರ ಚಿತ್ರವನ್ನು ತಮ್ಮೊಡನೆ ಕೊಂಡೊಯ್ಯಬೇಕೆಂದು ಬಯಸುವುದು ಸಹಜ. ಹಿಂದೆ ಆ ಭಾಗ್ಯ ಕ್ಯಾಮೆರಾ ಉಳ್ಳ ಕೆಲವರಿಗೆ ಮಾತ್ರ ಇದ್ದಿತು. ಇಂದು ಕೈಯಲ್ಲಿನ ದೂರವಾಣಿಯೇ ಕ್ಯಾಮೆರಾ ಆಗಿರುವುದರಿಂದ ಚಿತ್ರ ತೆಗೆಯುವುದು ಎಲ್ಲರಿಗೂ ಸುಲಭವಾಗಿದೆ. ಆದರೆ ತೆಗೆದ ಚಿತ್ರವನ್ನು ಬೇಕಾದ ಅಳತೆಗೆ ತರುವುದು ಬೇರೆಯದೇ ಒಂದು ವಿದ್ಯೆ. ತುಮಕೂರಿನ ಕಡೆಯ ಯಾವುದೋ ಒಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ದೇವರಾಯನದುರ್ಗದ ಒಂದು ಛಾಯಾಚಿತ್ರವನ್ನು ತೆಗೆದು, ಅದನ್ನೇ ಶಾಲೆಯ ವಾರ್ಷಿಕೋತ್ಸವದ ವೇದಿಕೆಗೆ 8 ಅಡಿ ಅಗಲ, 6 ಅಡಿ ಎತ್ತರದ ಫಲಕವಾಗಿಯೂ, ಶಾಲಾ ಸಂಚಿಕೆಯಲ್ಲಿ 5 ಅಂಗುಲ ಅಗಲದ ಚಿತ್ರವಾಗಿಯೂ, ಸ್ವಯಂಸೇವಕರು ಎದೆಗೆ ಧರಿಸುವ 1 ಅಂಗುಲದ ಬಿಲ್ಲೆಯಾಗಿಯೂ ಮಾಡಿಸಲು ಹೊರಟರೆಂದು ಭಾವಿಸಬಹುದು. ಬೆಟ್ಟ ಒಂದೇ, ಚಿತ್ರವೂ ಒಂದೇ. ಆದರೆ ಅಳತೆಗಳು ಮೂರು. ಆ ಮೂರರಲ್ಲಿಯೂ ಬೆಟ್ಟವು ಬೆಟ್ಟವಾಗಿಯೇ ಉಳಿಯಬೇಕಾದರೆ ಏನು ಮಾಡಬೇಕು?

ಚಿತ್ರವನ್ನು ಹಿಗ್ಗಿಸುವ, ಕುಗ್ಗಿಸುವ ಕಲೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಊರಿನ ಚಿತ್ರಗಾರರು ಬಹುಕಾಲದಿಂದ ಚೌಕಗಳ ವಿಧಾನವನ್ನು ಬಲ್ಲರು. ಚಿತ್ರಮಂದಿರಗಳ ಮುಂದೆ ನಿಲ್ಲಿಸುತ್ತಿದ್ದ ಆಳೆತ್ತರದ ಕಟೌಟುಗಳೂ, ಅಂಗಡಿಗಳ ನಾಮಫಲಕಗಳೂ ಈ ವಿಧಾನದಿಂದಲೇ ಸಿದ್ಧವಾಗುತ್ತಿದ್ದವು. 4 ಅಂಗುಲ ಅಗಲ, 3 ಅಂಗುಲ ಎತ್ತರದ ಒಂದು ಚಿತ್ರದ ಮೇಲೆ ಅರ್ಧ ಅಂಗುಲಕ್ಕೊಂದರಂತೆ ಗೆರೆ ಎಳೆದರೆ ಅಡ್ಡಲಾಗಿ 8, ಉದ್ದಕ್ಕೆ 6, ಒಟ್ಟು 48 ಚೌಕಗಳಾಗುತ್ತವೆ. 8 ಅಡಿಗೆ 6 ಅಡಿಯ ಹಲಗೆಯ ಮೇಲೆ ಅಡಿಗೊಂದರಂತೆ ಗೆರೆ ಎಳೆದರೆ ಅಲ್ಲಿಯೂ 48 ಚೌಕಗಳೇ. ಚಿಕ್ಕ ಚೌಕದಲ್ಲಿ ಕಂಡುದನ್ನು ಅದಕ್ಕೆ ಸರಿಯಾದ ದೊಡ್ಡ ಚೌಕದಲ್ಲಿ ಬರೆಯುತ್ತ ಹೋದರೆ ಇಡೀ ಚಿತ್ರ ತಪ್ಪಿಲ್ಲದೆ ಹಿಗ್ಗುತ್ತದೆ. ಇಲ್ಲಿ ಅರ್ಧ ಅಂಗುಲವು 12 ಅಂಗುಲವಾಯಿತು. ಎಂದರೆ ಉದ್ದವೂ ಅಗಲವೂ 24 ಪಟ್ಟು ಬೆಳೆದವು. ಆದರೆ ವಿಸ್ತೀರ್ಣ ಬೆಳೆದುದು 24 ಪಟ್ಟಲ್ಲ, 24ರ ವರ್ಗವಾದ 576 ಪಟ್ಟು. ಬಣ್ಣ ಕೊಳ್ಳುವಾಗ ಚಿತ್ರಗಾರನು ಮರೆಯಬಾರದ ಲೆಕ್ಕವಿದು. ಗಣಕಯಂತ್ರವೂ ಈ ಲೆಕ್ಕವನ್ನು ಮೀರಲಾರದು.

ಕೈಯಿಂದ ಬರೆದ ಚಿತ್ರಕ್ಕೂ ಗಣಕಯಂತ್ರದ ಚಿತ್ರಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಗಣಕಯಂತ್ರದ ಚಿತ್ರವೆಂಬುದು ಸಾಲುಸಾಲಾಗಿ ಜೋಡಿಸಿದ ಚುಕ್ಕಿಗಳ ರಾಶಿ. ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದು ಚುಕ್ಕಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ತಿಳಿಸುವ ಮೂರು ಸಂಖ್ಯೆಗಳಿರುತ್ತವೆ. ಸಾಮಾನ್ಯವಾಗಿ ಈ ಸಂಖ್ಯೆಗಳು 0ಯಿಂದ 255ರವರೆಗೆ ಇರುತ್ತವೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳುಪು. ಗಣಕಯಂತ್ರಕ್ಕೆ ಬೆಟ್ಟವೂ ತಿಳಿಯದು, ಗೋಪುರವೂ ತಿಳಿಯದು. ಅದು ಬಲ್ಲುದು ಈ ಸಂಖ್ಯೆಗಳನ್ನು ಮಾತ್ರ.

1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕಗಳ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಷ್ ಎಂಬ ವಿಜ್ಞಾನಿ ತನ್ನ ಹಸುಳೆ ಮಗನ ಛಾಯಾಚಿತ್ರವೊಂದನ್ನು ಯಂತ್ರದ ಮೂಲಕ ಗಣಕಕ್ಕೆ ಉಣಿಸಿದನು. ಗಣಕಯಂತ್ರವು ಕಂಡ ಮೊತ್ತಮೊದಲ ಛಾಯಾಚಿತ್ರಗಳಲ್ಲಿ ಅದೂ ಒಂದು. ಅದರಲ್ಲಿ ಅಡ್ಡಲಾಗಿ 176, ಉದ್ದಕ್ಕೆ 176, ಒಟ್ಟು 30,976 ಚುಕ್ಕಿಗಳಿದ್ದವು. ಇಂದಿನ ಸಾಧಾರಣ ದೂರವಾಣಿಯ ಕ್ಯಾಮೆರಾ ಅಡ್ಡಲಾಗಿ 4,000, ಉದ್ದಕ್ಕೆ 3,000, ಎಂದರೆ 1 ಕೋಟಿ 20 ಲಕ್ಷ ಚುಕ್ಕಿಗಳ ಚಿತ್ರವನ್ನು ಕ್ಷಣಾರ್ಧದಲ್ಲಿ ತೆಗೆಯುತ್ತದೆ. ಶಾಲೆಯ ಮಕ್ಕಳು ತೆಗೆದ ಬೆಟ್ಟದ ಚಿತ್ರವೂ ಅಷ್ಟೇ ಚುಕ್ಕಿಗಳುಳ್ಳದ್ದೆಂದು ಇಟ್ಟುಕೊಳ್ಳಬಹುದು.

ಚುಕ್ಕಿಗಳ ಚಿತ್ರ ಎಂದೊಡನೆ ಕನ್ನಡದ ಮಕ್ಕಳಿಗೆ ನೆನಪಾಗಬೇಕಾದುದು ರಂಗೋಲಿ. ಮುಂಜಾನೆ ಬಾಗಿಲ ಮುಂದೆ ನೀರು ಚಿಮುಕಿಸಿ, ಸಾರಿಸಿ, ಎಣಿಸಿ ಚುಕ್ಕಿಯಿಟ್ಟು ಎಳೆ ಎಳೆಯುವ ಗೃಹಿಣಿಗೆ ಚಿತ್ರದ ಅಳತೆಯ ರಹಸ್ಯ ಚೆನ್ನಾಗಿ ಗೊತ್ತು. ಹಬ್ಬದ ದಿನ ರಂಗೋಲಿ ದೊಡ್ಡದಾಗಬೇಕಾದರೆ ಆಕೆಯ ಮುಂದೆ ಎರಡು ದಾರಿಗಳಿವೆ. ಚುಕ್ಕಿಗಳ ಸಂಖ್ಯೆಯನ್ನು ಹಾಗೆಯೇ ಉಳಿಸಿ ಅವುಗಳ ನಡುವಣ ಅಂತರವನ್ನು ಹೆಚ್ಚಿಸುವುದು ಒಂದು ದಾರಿ. ಅಂತರವನ್ನು ಹಾಗೆಯೇ ಉಳಿಸಿ ಚುಕ್ಕಿಗಳನ್ನು ಹೆಚ್ಚಿಸುವುದು ಇನ್ನೊಂದು ದಾರಿ. ಛಾಯಾಚಿತ್ರವನ್ನು ತಿದ್ದುವ ತಂತ್ರಾಂಶಗಳಲ್ಲಿಯೂ ಇರುವುದು ಈ ಎರಡೇ ದಾರಿಗಳು. ಒಂದರಲ್ಲಿ ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬುದು ಮಾತ್ರ ಬದಲಾಗುತ್ತದೆ, ಚಿತ್ರದಲ್ಲಿನ ಒಂದು ಚುಕ್ಕಿಯೂ ಅಳಿಯುವುದಿಲ್ಲ, ಹುಟ್ಟುವುದಿಲ್ಲ. ಇನ್ನೊಂದರಲ್ಲಿ ಹಳೆಯ ಚುಕ್ಕಿಗಳ ಸ್ಥಾನದಲ್ಲಿ ಹೊಸ ಚುಕ್ಕಿಗಳು ಲೆಕ್ಕಹಾಕಿ ನಿರ್ಮಿತವಾಗುತ್ತವೆ. ಈ ಭೇದವನ್ನು ಅರಿಯದವರು ಚಿತ್ರವನ್ನು ಕೆಡಿಸಿಕೊಳ್ಳುತ್ತಾರೆ.

ಮೊದಲ ದಾರಿಯನ್ನು ನೋಡಬಹುದು. ಪುಸ್ತಕದಲ್ಲಿ ಅಚ್ಚಾಗುವ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕಿಗಳಿದ್ದರೆ ಚೆನ್ನ ಎಂಬುದು ಮುದ್ರಣಕಾರರ ರೂಢಿ. 4,000ವನ್ನು 300ರಿಂದ ಭಾಗಿಸಿದರೆ 13 ಅಂಗುಲಕ್ಕಿಂತ ತುಸು ಹೆಚ್ಚು. 3,000ವನ್ನು ಭಾಗಿಸಿದರೆ 10 ಅಂಗುಲ. ಆದುದರಿಂದ ಬೆಟ್ಟದ ಚಿತ್ರವನ್ನು 13 ಅಂಗುಲ ಅಗಲದವರೆಗೂ ಅಂಜಿಕೆಯಿಲ್ಲದೆ ಅಚ್ಚುಹಾಕಿಸಬಹುದು. ಸಂಚಿಕೆಗೆ ಬೇಕಾದುದು 5 ಅಂಗುಲ ಮಾತ್ರ. ಹಾಗಾದರೆ 8 ಅಡಿಯ ಫಲಕಕ್ಕೆ ಈ ಚಿತ್ರ ಸಾಲದೆ? 8 ಅಡಿ ಎಂದರೆ 96 ಅಂಗುಲ. 4,000 ಚುಕ್ಕಿಗಳು 96 ಅಂಗುಲದಲ್ಲಿ ಹರಡಿದರೆ ಅಂಗುಲಕ್ಕೆ ಸುಮಾರು 42 ಚುಕ್ಕಿ. ಒಂದೊಂದು ಚುಕ್ಕಿಯ ಅಗಲ ಸುಮಾರು 0.6 ಮಿಲಿಮೀಟರು. ಹತ್ತಿರ ಹೋಗಿ ನೋಡಿದರೆ ಚುಕ್ಕಿಗಳು ಕಾಣುತ್ತವೆ, ನಿಜ. ಆದರೆ ಫಲಕವನ್ನು ಯಾರೂ ಮೂಗಿಗೆ ತಗುಲಿಸಿಕೊಂಡು ನೋಡುವುದಿಲ್ಲ. ಆರೋಗ್ಯವಂತ ಕಣ್ಣು 1 ಮೀಟರು ದೂರದಲ್ಲಿ ಸುಮಾರು 0.3 ಮಿಲಿಮೀಟರಿಗಿಂತ ಸಣ್ಣ ಅಂತರವನ್ನು ಬಿಡಿಸಿ ಕಾಣಲಾರದು. ದೂರ ಹೆಚ್ಚಿದಂತೆ ಈ ಮಿತಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದುದರಿಂದ 2 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಆ ಫಲಕದ ಚುಕ್ಕಿಗಳು ಕಾಣಿಸವು, ಬೆಟ್ಟ ಮಾತ್ರ ಕಾಣಿಸುತ್ತದೆ. ಚಿತ್ರದ ಅಳತೆಯನ್ನು ನಿರ್ಧರಿಸುವ ಮೊದಲು ನೋಡುವವನು ಎಷ್ಟು ದೂರದಲ್ಲಿರುವನೆಂದು ಕೇಳಿಕೊಳ್ಳಬೇಕೆಂಬುದಕ್ಕೆ ಇದೇ ಕಾರಣ.

ಎರಡನೆಯ ದಾರಿಯಲ್ಲಿ ಯಂತ್ರವು ಇಲ್ಲದ ಚುಕ್ಕಿಗಳನ್ನು ತಾನೇ ಕಲ್ಪಿಸಬೇಕಾಗುತ್ತದೆ. ಒಂದು ಸಾಲಿನಲ್ಲಿ 40 ಮತ್ತು 80 ಎಂಬ ಬೆಳಕಿನ ಪ್ರಮಾಣವುಳ್ಳ ಎರಡು ಚುಕ್ಕಿಗಳಿವೆ. ಅವುಗಳ ನಡುವೆ ಒಂದು ಹೊಸ ಚುಕ್ಕಿ ಬೇಕು. ಅದಕ್ಕೆ ಯಾವ ಪ್ರಮಾಣ ಕೊಡಬೇಕು? ಪಕ್ಕದ ಚುಕ್ಕಿಯನ್ನೇ ನಕಲು ಮಾಡಿ 40 ಎಂದಿಡುವುದು ಅತಿ ಸರಳವಾದ ಉಪಾಯ. ಹೀಗೆ ಹಿಗ್ಗಿಸಿದ ಚಿತ್ರದ ಓರೆಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಬೆಟ್ಟದ ಇಳಿಜಾರು ಬಾವಿಯ ಸೋಪಾನದಂತಾಗುತ್ತದೆ. ಎರಡರ ಸರಾಸರಿಯನ್ನು ತೆಗೆದು 60 ಎಂದಿಡುವುದು ಇನ್ನೊಂದು ಉಪಾಯ. ಸುತ್ತಲಿನ 4 ಚುಕ್ಕಿಗಳನ್ನು, ಇನ್ನೂ ಸೂಕ್ಷ್ಮವಾದ ಕ್ರಮದಲ್ಲಿ 16 ಚುಕ್ಕಿಗಳನ್ನು ಪರಿಗಣಿಸಿ ಲೆಕ್ಕ ಮಾಡುವುದೂ ಉಂಟು. ಇದರಿಂದ ಗೆರೆಗಳು ನಯವಾಗುತ್ತವೆ. ಆದರೆ ಹರಿತ ಹೋಗುತ್ತದೆ. ಕಪ್ಪು ಬಂಡೆ 20, ಬಿಳಿಯ ಆಕಾಶ 220 ಎಂದಿದ್ದಲ್ಲಿ ಅವುಗಳ ನಡುವೆ 120 ಎಂಬ ಬೂದು ಚುಕ್ಕಿ ಬಂದು ಕೂರುತ್ತದೆ. ಆ ಬೂದುಬಣ್ಣ ಬಂಡೆಯಲ್ಲಿಯೂ ಇರಲಿಲ್ಲ, ಆಕಾಶದಲ್ಲಿಯೂ ಇರಲಿಲ್ಲ. ಮಿತಿಮೀರಿ ಹಿಗ್ಗಿಸಿದ ಚಿತ್ರಗಳು ಮಂಜು ಕವಿದಂತೆ ಕಾಣುವುದಕ್ಕೆ ಇದೇ ಕಾರಣ.

ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದು ಸುಲಭವೆಂದು ಹಲವರು ತಿಳಿಯುತ್ತಾರೆ. ಆದರೆ ನಷ್ಟ ಹೆಚ್ಚಾಗಿ ಸಂಭವಿಸುವುದು ಅಲ್ಲಿಯೇ. 4,000ಕ್ಕೆ 3,000 ಚುಕ್ಕಿಗಳ ಚಿತ್ರವನ್ನು 400ಕ್ಕೆ 300 ಮಾಡಿದರೆ ಉದ್ದಗಲಗಳು ಹತ್ತರಲ್ಲೊಂದು ಪಾಲಾಗುತ್ತವೆ. ಚುಕ್ಕಿಗಳ ಸಂಖ್ಯೆ ನೂರರಲ್ಲೊಂದು ಪಾಲಾಗಿ 1 ಲಕ್ಷ 20 ಸಾವಿರಕ್ಕೆ ಇಳಿಯುತ್ತದೆ. ನೂರು ಚುಕ್ಕಿಗಳ ಸರಾಸರಿ ಒಂದು ಚುಕ್ಕಿಯಾಗಿ ಉಳಿಯಿತು. ಉಳಿದ ವಿವರವೆಲ್ಲ ಹೋಯಿತು. ಆಮೇಲೆ ಅದನ್ನು ಮತ್ತೆ ಹತ್ತು ಪಟ್ಟು ಹಿಗ್ಗಿಸಿದರೆ ಹೋದುದು ಬರುವುದೇ? ಬಾರದು. ನೂರು ವಿದ್ಯಾರ್ಥಿಗಳ ತರಗತಿಯಲ್ಲಿ ಸರಾಸರಿ ಅಂಕ 52 ಎಂದು ತಿಳಿದ ಮಾತ್ರಕ್ಕೆ ಒಬ್ಬೊಬ್ಬರ ಅಂಕವೆಷ್ಟೆಂದು ಹೇಳಲಾದೀತೆ? ಅಂಕಪಟ್ಟಿಯನ್ನು ಹರಿದುಹಾಕಿ ಸರಾಸರಿಯನ್ನು ಮಾತ್ರ ಬರೆದಿಟ್ಟುಕೊಂಡವನ ಸ್ಥಿತಿಯೇ ಮೂಲಚಿತ್ರವನ್ನು ಅಳಿಸಿ ಕುಗ್ಗಿಸಿದ ಪ್ರತಿಯನ್ನು ಮಾತ್ರ ಇಟ್ಟುಕೊಂಡವನ ಸ್ಥಿತಿ.

ಈ ನಷ್ಟ ಕೇವಲ ಲೆಕ್ಕದ ನಷ್ಟವಲ್ಲ. ಅನೇಕ ಮನೆಗಳಲ್ಲಿ ಗತಿಸಿದ ಹಿರಿಯರ ಚಿತ್ರವೆಂದು ಉಳಿದಿರುವುದು ಯಾವುದೋ ಮದುವೆಯ ಗುಂಪಿನ ಚಿತ್ರದಲ್ಲಿ ಕಾಣುವ ಉಗುರಿನಷ್ಟು ಮುಖವೊಂದೇ. ಅದನ್ನು ಹಿಗ್ಗಿಸಿ ಕಟ್ಟುಹಾಕಿಸಲು ಮಕ್ಕಳು ಮೊಮ್ಮಕ್ಕಳು ಛಾಯಾಚಿತ್ರಶಾಲೆಗೆ ಹೋಗುತ್ತಾರೆ. ಹಳೆಯ ಫಿಲ್ಮು ಮನೆಯಲ್ಲಿ ಭದ್ರವಾಗಿದ್ದರೆ ಮುಖದ ಗೆರೆಗಳು ಸಾಕಷ್ಟು ಮೂಡುತ್ತವೆ. ಕೈಯಿಂದ ಕೈಗೆ ದಾಟುತ್ತ ಕುಗ್ಗಿದ ಪ್ರತಿಯೊಂದೇ ಉಳಿದಿದ್ದರೆ ಕಣ್ಣೂ ಮೂಗೂ ಕಲೆಸಿಹೋದ ಒಂದು ನೆರಳು ಮಾತ್ರ ದೊಡ್ಡದಾಗುತ್ತದೆ. ಮೂಲಚಿತ್ರವನ್ನು ಕಾಪಾಡಬೇಕೆಂಬುದು ಯಂತ್ರದ ನಿಯಮ ಮಾತ್ರವಲ್ಲ, ಮನೆತನದ ನೆನಪನ್ನು ಕಾಯುವ ಕರ್ತವ್ಯವೂ ಹೌದು.

ಅಳತೆ ಬದಲಿಸುವಾಗ ಎಚ್ಚರದಿಂದಿರಬೇಕಾದ ಮತ್ತೊಂದು ವಿಷಯ ಉದ್ದಗಲಗಳ ಪ್ರಮಾಣ. 4,000ಕ್ಕೆ 3,000 ಎಂದರೆ 4ಕ್ಕೆ 3. ಫಲಕವು 8 ಅಡಿಗೆ 6 ಅಡಿ ಇದ್ದರೆ ಅಲ್ಲಿಯೂ ಪ್ರಮಾಣ ಅದೇ. ಬಡಗಿಯು ಹಲಗೆ ಸಾಲದೆಂದು 8 ಅಡಿಗೆ 4 ಅಡಿಯ ಚೌಕಟ್ಟನ್ನು ತಂದರೆ ಚಿತ್ರವನ್ನು ಅದರೊಳಗೆ ಹೇಗಾದರೂ ತುರುಕುವ ಆಸೆ ಹುಟ್ಟುತ್ತದೆ. ಆಗ ಅಗಲವು ಇದ್ದಂತೆಯೇ ಇದ್ದು ಎತ್ತರ ಮೂರರಲ್ಲೆರಡು ಪಾಲಾಗುತ್ತದೆ. ಕಡಿದಾದ ದುರ್ಗವು ದಿಣ್ಣೆಯಾಗುತ್ತದೆ, ಗೋಪುರ ಕುಳ್ಳಾಗುತ್ತದೆ, ಮನುಷ್ಯರು ಒತ್ತಿಟ್ಟ ಹಿಟ್ಟಿನ ಮುದ್ದೆಗಳಂತಾಗುತ್ತಾರೆ. ಇದನ್ನು ತಡೆಯುವ ಸಲುವಾಗಿಯೇ ಛಾಯಾಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಅಗಲ ಮತ್ತು ಎತ್ತರದ ಅಂಕಿಗಳ ಪಕ್ಕದಲ್ಲಿ ಸರಪಳಿಯ ಗುರುತೊಂದನ್ನು ಇಟ್ಟಿರುತ್ತಾರೆ. 1990ರಲ್ಲಿ ಮಾರಾಟಕ್ಕೆ ಬಂದ ಫೋಟೋಶಾಪ್ ಆಗಲಿ, ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವಂತೆ 1996ರಲ್ಲಿ ಹೊರಬಂದ ಗಿಂಪ್ ಆಗಲಿ, ಇಂದು ಈ ಗುರುತನ್ನು ಉಳ್ಳವೇ. ಸರಪಳಿ ಕೂಡಿಕೊಂಡಿದ್ದರೆ ಅಗಲವನ್ನು ಬದಲಿಸಿದಾಗ ಎತ್ತರ ತಾನಾಗಿ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಚೌಕಟ್ಟು ಬೇರೆ ಪ್ರಮಾಣದ್ದಾದರೆ ಚಿತ್ರವನ್ನು ಹಿಂಡಬಾರದು, ಕತ್ತರಿಸಬೇಕು. 4,000ಕ್ಕೆ 3,000 ಚುಕ್ಕಿಗಳ ಚಿತ್ರವನ್ನು 2ಕ್ಕೆ 1ರ ಪ್ರಮಾಣಕ್ಕೆ ತರಬೇಕಾದರೆ 1,000 ಸಾಲುಗಳನ್ನು ಬಿಟ್ಟುಕೊಡಬೇಕು. ಮೇಲಿನ ಆಕಾಶವನ್ನು ಬಿಡುವುದೋ, ಕೆಳಗಿನ ಕಾಡನ್ನು ಬಿಡುವುದೋ ಎಂಬುದನ್ನು ಯಂತ್ರ ಹೇಳಲಾರದು. ಅದು ನೋಡುವ ಕಣ್ಣಿನ, ಯೋಚಿಸುವ ಮನಸ್ಸಿನ ಕೆಲಸ.

ಬಿಲ್ಲೆಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. 1 ಅಂಗುಲದ ಬಿಲ್ಲೆಗೆ ಅಂಗುಲಕ್ಕೆ 300ರಂತೆ 300 ಚುಕ್ಕಿಗಳು ಸಾಕು. ಮೂಲಚಿತ್ರದಲ್ಲಿ ಗೋಪುರವು 60 ಚುಕ್ಕಿಗಳಷ್ಟು ಅಗಲವಿತ್ತೆಂದರೆ ಬಿಲ್ಲೆಯಲ್ಲಿ ಅದು ನಾಲ್ಕೈದು ಚುಕ್ಕಿಗಳಿಗೆ ಇಳಿಯುತ್ತದೆ. ಗೋಪುರವೋ ಗೆದ್ದಲ ಹುತ್ತವೋ ತಿಳಿಯದು. ಆದುದರಿಂದ ಚಿಕ್ಕ ಚಿತ್ರದಲ್ಲಿ ಇಡೀ ಬೆಟ್ಟವನ್ನು ತುಂಬಬಾರದು. ಗೋಪುರದ ಸುತ್ತಲಿನ 1,200ಕ್ಕೆ 900 ಚುಕ್ಕಿಗಳ ಭಾಗವನ್ನು ಮಾತ್ರ ಕತ್ತರಿಸಿಕೊಂಡು ನಾಲ್ಕರಲ್ಲೊಂದು ಪಾಲಿಗೆ ಕುಗ್ಗಿಸಿದರೆ ಅದೇ ಗೋಪುರಕ್ಕೆ 15 ಚುಕ್ಕಿಗಳು ದೊರೆತು ಅದರ ಆಕಾರ ಉಳಿಯುತ್ತದೆ. ಎಡೆ ಚಿಕ್ಕದಾದಷ್ಟೂ ಹೇಳುವ ವಿಷಯವೂ ಚಿಕ್ಕದಾಗಬೇಕು.

ಭೂಪಟ ರಚಿಸುವವರು ಈ ವಿವೇಕವನ್ನು ಬಹು ಹಿಂದೆಯೇ ಕಂಡುಕೊಂಡರು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಪಟಗಳಲ್ಲಿ 1 ಸೆಂಟಿಮೀಟರು ನೆಲದ ಮೇಲಿನ ಅರ್ಧ ಕಿಲೋಮೀಟರಿಗೆ ಸಮ. 15 ಕಿಲೋಮೀಟರು ದೂರವು ಅಲ್ಲಿ 30 ಸೆಂಟಿಮೀಟರು ಆಗುತ್ತದೆ. ಆ ಲೆಕ್ಕದಲ್ಲಿ 10 ಮೀಟರು ಅಗಲದ ರಸ್ತೆಯನ್ನು 0.2 ಮಿಲಿಮೀಟರಿನ ಗೆರೆಯಾಗಿ ಎಳೆಯಬೇಕು. ಅದು ಕಣ್ಣಿಗೆ ಬೀಳುವುದೇ ಕಷ್ಟ. ಆದುದರಿಂದ ಪಟಕಾರರು ಮುಖ್ಯರಸ್ತೆಯನ್ನು ಬೇಕೆಂದೇ ದಪ್ಪವಾಗಿ ಎಳೆದು, ದೇವಾಲಯಕ್ಕೆ ಒಂದು ಗುರುತನ್ನಿಟ್ಟು, ಎಷ್ಟೋ ಸಣ್ಣ ವಿವರಗಳನ್ನು ಬಿಟ್ಟುಬಿಡುತ್ತಾರೆ. ಉಳಿಸುವುದು ಯಾವುದು, ಬಿಡುವುದು ಯಾವುದು ಎಂಬ ವಿವೇಚನೆಯಿಂದಲೇ ಪಟವು ದಾರಿಹೋಕನಿಗೆ ಉಪಯುಕ್ತವಾಗುತ್ತದೆ.

ಚಿತ್ರದ ಮೇಲೆ ಅಕ್ಷರಗಳಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕನ್ನಡ ಲಿಪಿಯಲ್ಲಿ ಒಂದು ಕಿರಿಯ ಸೀಳುಗೆರೆ ಅರ್ಥವನ್ನೇ ಬದಲಿಸುತ್ತದೆ. ದಕಾರದ ಕೆಳಗೆ ಸಣ್ಣ ಗೀಟೊಂದನ್ನು ಇಟ್ಟರೆ ಧಕಾರ. ಪಕಾರ ಫಕಾರಗಳಿಗೂ ಬಕಾರ ಭಕಾರಗಳಿಗೂ ಇರುವ ಭೇದವೂ ಅಷ್ಟೇ. ಅತಿಯಾಗಿ ಕುಗ್ಗಿಸಿದ ಚಿತ್ರದಲ್ಲಿ ಮೊದಲು ಮಾಯವಾಗುವುದು ಆ ಗೀಟು. ಆಗ ‘ಧನ’ವೆಂದು ಬರೆದುದು ‘ದನ’ವಾಗುತ್ತದೆ, ‘ಭಾರ’ವೆಂಬುದು ‘ಬಾರ’ವಾಗುತ್ತದೆ. ಇದಕ್ಕೆ ಪರಿಹಾರವೂ ಉಂಟು. ಗಣಕಯಂತ್ರದ ಲಿಪಿಗಳು ಚುಕ್ಕಿಗಳಿಂದ ಆದವಲ್ಲ, ಗಣಿತದ ವಕ್ರರೇಖೆಗಳಿಂದ ಆದವು. ವೃತ್ತವನ್ನು ಸಾವಿರ ಚುಕ್ಕಿಗಳಿಂದ ವರ್ಣಿಸುವ ಬದಲು ಅದರ ಕೇಂದ್ರವನ್ನೂ ತ್ರಿಜ್ಯವನ್ನೂ ಹೇಳಿದರೆ ಯಾರು ಬೇಕಾದರೂ ಯಾವ ಅಳತೆಯಲ್ಲಾದರೂ ಆ ವೃತ್ತವನ್ನು ಎಳೆಯಬಲ್ಲರಲ್ಲವೆ? ರೇಖೆಗಳಿಂದಾದ ಚಿತ್ರವೂ ಹಾಗೆಯೇ. ಅದನ್ನು ಎಷ್ಟು ಹಿಗ್ಗಿಸಿದರೂ ಅಂಚು ಹರಿತವಾಗಿಯೇ ಇರುತ್ತದೆ. ಆದುದರಿಂದ ಛಾಯಾಚಿತ್ರವನ್ನು ಮೊದಲು ಬೇಕಾದ ಅಳತೆಗೆ ತಂದು, ಅಕ್ಷರಗಳನ್ನು ಅನಂತರ ಅದರ ಮೇಲೆ ಕೂರಿಸಬೇಕೇ ಹೊರತು, ಅಕ್ಷರ ಸಹಿತವಾದ ಚಿತ್ರವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಸಲ್ಲದು.

ಅಕ್ಷರದ ಮಾತು ಬಂದಾಗ ಶಾಸನಗಳನ್ನು ಮರೆಯಲಾಗದು. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಶಾಸನದ ಮೇಲೆ ಒದ್ದೆ ಕಾಗದವನ್ನು ತಟ್ಟಿ ಕೂರಿಸಿ, ಮೇಲೆ ಮಸಿಯೊತ್ತಿ ಪ್ರತಿ ತೆಗೆಯುವುದು ಶಾಸನತಜ್ಞರ ಹಳೆಯ ಪದ್ಧತಿ. ಹಾಗೆ ತೆಗೆದ ಪ್ರತಿ ಕಲ್ಲಿನಷ್ಟೇ ಅಳತೆಯದು. ಹಿಗ್ಗಿದುದೂ ಅಲ್ಲ, ಕುಗ್ಗಿದುದೂ ಅಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪ್ರದೇಶದ ಶಾಸನಕಲ್ಲುಗಳ ಉಬ್ಬುತಗ್ಗುಗಳನ್ನು ಯಂತ್ರದಿಂದ ಅಳೆದು ಗಣಕದಲ್ಲಿ ಉಳಿಸುವ ಕಾರ್ಯವನ್ನು ಕೈಗೊಂಡಿದೆ. ರಸ್ತೆ, ಕಟ್ಟಡಗಳ ಕೆಲಸದಲ್ಲಿ ಒಂದು ಕಲ್ಲು ನಾಳೆ ಒಡೆದುಹೋಗಬಹುದು. ಆಗ ಉಳಿಯುವುದು ಅದರ ಚಿತ್ರ ಮಾತ್ರ. ಆ ಚಿತ್ರವನ್ನು ಸ್ಥಳ ಉಳಿಸುವ ಆತುರದಿಂದ ಯಾರಾದರೂ ಕುಗ್ಗಿಸಿಟ್ಟಿದ್ದರೆ, ಕಲ್ಲು ಒಡೆಯುವುದಕ್ಕೆ ಮೊದಲೇ ಶಾಸನವು ಇನ್ನೊಮ್ಮೆ ಒಡೆದಂತಾಯಿತು.

ಈಚಿನ ವರ್ಷಗಳಲ್ಲಿ ಹೊಸದೊಂದು ವಿಧಾನ ಬಳಕೆಗೆ ಬಂದಿದೆ. ಯಂತ್ರಕ್ಕೆ ಸಾವಿರಾರು ಚಿತ್ರಗಳನ್ನು ತೋರಿಸಿ ಅಭ್ಯಾಸ ಮಾಡಿಸಿದರೆ, ಅದು ಮಸುಕಾದ ಚಿಕ್ಕ ಚಿತ್ರವನ್ನು ಹಿಗ್ಗಿಸುವಾಗ ಇಲ್ಲದ ವಿವರಗಳನ್ನು ಊಹಿಸಿ ತುಂಬುತ್ತದೆ. 2014ರಿಂದೀಚೆಗೆ ಈ ದಿಕ್ಕಿನ ಸಂಶೋಧನೆ ವೇಗವಾಗಿ ಬೆಳೆದಿದೆ. ಫಲಿತಾಂಶ ಕಣ್ಣಿಗೆ ಹಬ್ಬವೆಂಬುದೇನೋ ನಿಜ. ಎಲೆಗಳ ನರಗಳೂ ಹಕ್ಕಿಯ ಗರಿಗಳೂ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಆ ವಿವರಗಳು ಬೇರೆ ಎಲೆಗಳಿಂದ, ಬೇರೆ ಹಕ್ಕಿಗಳಿಂದ ಕಲಿತ ಊಹೆಗಳೇ ಹೊರತು ಆ ಕ್ಷಣದಲ್ಲಿ ಕ್ಯಾಮೆರಾ ಕಂಡುದಲ್ಲ. ದೇವರಾಯನದುರ್ಗದ ಬಂಡೆಗಳ ನಡುವಣ ಕುರುಚಲು ಕಾಡಿನಲ್ಲಿ ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿಯುಂಟು. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಕಾಣದ ಈ ಹಕ್ಕಿಯನ್ನು ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ದೂರದಿಂದ ತೆಗೆದ ಮಸುಕು ಚಿತ್ರವೊಂದನ್ನು ಯಂತ್ರವು ಊಹಿಸಿ ಹಿಗ್ಗಿಸಿದಾಗ, ಸಾಮಾನ್ಯವಾದ ಪಿಕಳಾರವೊಂದಕ್ಕೆ ಹಳದಿ ಕೊರಳು ಬಂದರೂ ಬರಬಹುದು, ನಿಜವಾದ ಹಳದಿ ಕೊರಳು ಅಳಿಸಿದರೂ ಅಳಿಸಬಹುದು. ಆ ಚಿತ್ರವನ್ನು ನಂಬಿ ಹಕ್ಕಿಗಳ ಗಣತಿ ಮಾಡಿದರೆ ಗಣತಿ ಸುಳ್ಳಾಗುತ್ತದೆ. ಅದೇ ಯಂತ್ರ ಸವೆದ ಶಾಸನದ ಅಕ್ಷರವನ್ನು ಊಹಿಸಿದರೆ ಇತಿಹಾಸವೇ ಸುಳ್ಳಾಗುತ್ತದೆ. ವೇದಿಕೆಯ ಅಲಂಕಾರಕ್ಕೆ ಅಂತಹ ಚಿತ್ರ ಸಲ್ಲಬಹುದು, ಸಾಕ್ಷ್ಯಕ್ಕೆ ಸಲ್ಲದು. ಕನ್ನಡಿಯೊಳಗಿನ ಗಂಟನ್ನು ನೋಡಿ ಸಂತೋಷಪಡಬಹುದೇ ಹೊರತು ಅದನ್ನು ನಂಬಿ ಸಾಲ ಮಾಡಲಾಗದು.

ಈ ವಿಚಾರಗಳಿಂದ ಒಂದು ಕ್ರಮ ತಾನಾಗಿ ಸಿದ್ಧಿಸುತ್ತದೆ. ಶಾಲೆಯ ಮಕ್ಕಳು ಮೊದಲು ಮೂಲಚಿತ್ರವನ್ನು ಮುಟ್ಟದೆ ಬೇರೆಡೆ ಭದ್ರವಾಗಿಟ್ಟು, ಅದರ ಪ್ರತಿಯೊಂದನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು. ಚಿತ್ರ ಎಲ್ಲಿ ನಿಲ್ಲುತ್ತದೆ, ಯಾರು ಎಷ್ಟು ದೂರದಿಂದ ನೋಡುತ್ತಾರೆ ಎಂಬುದನ್ನು ತಿಳಿದು ಚುಕ್ಕಿಗಳ ಲೆಕ್ಕ ಹಾಕಬೇಕು. ಚೌಕಟ್ಟಿನ ಪ್ರಮಾಣಕ್ಕೆ ಚಿತ್ರವನ್ನು ಕತ್ತರಿಸಿ, ಅನಂತರ ಸರಪಳಿಯನ್ನು ಬಿಚ್ಚದೆ ಅಳತೆಯನ್ನು ಬದಲಿಸಬೇಕು. ಅಕ್ಷರಗಳನ್ನು ಕೊನೆಯಲ್ಲಿ ಸೇರಿಸಬೇಕು. ಫಲಕ, ಸಂಚಿಕೆ, ಬಿಲ್ಲೆ ಮೂರಕ್ಕೂ ಪ್ರತಿಸಲ ಮೂಲದಿಂದಲೇ ಹೊಸ ಪ್ರತಿ ಮಾಡಬೇಕೇ ಹೊರತು ಒಂದು ಪ್ರತಿಯಿಂದ ಇನ್ನೊಂದನ್ನು, ಅದರಿಂದ ಮತ್ತೊಂದನ್ನು ಮಾಡಬಾರದು. ಏಕೆಂದರೆ ಬಹಳವಾಗಿ ಬಳಕೆಯಲ್ಲಿರುವ ಜೆಪೆಗ್ ಎಂಬ ಕ್ರಮದಲ್ಲಿ ಚಿತ್ರವನ್ನು ತಿದ್ದಿ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ವಿವರ ಸೋರಿಹೋಗುತ್ತದೆ. ಚಿಲುಮೆಯ ಬಳಿ ತುಂಬಿದ ನೀರು ತಿಳಿ. ಕೊಡದಿಂದ ಕೊಡಕ್ಕೆ ಸುರಿಯುತ್ತ ಬಂದ ನೀರು ಕೊರೆ.

ಹೀಗೆ ನೋಡಿದರೆ ಚಿತ್ರದ ಅಳತೆಯೆಂಬುದು ಬರಿಯ ಯಂತ್ರದ ಗುಂಡಿಯೊತ್ತುವ ಕೆಲಸವಲ್ಲ. ಅದರಲ್ಲಿ ಗಣಿತವಿದೆ, ಕಣ್ಣಿನ ವಿಜ್ಞಾನವಿದೆ, ಚಿತ್ರಗಾರನ ವಿವೇಚನೆಯಿದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಕಂಡುದನ್ನು ಕಂಡಂತೆ ಉಳಿಸಬೇಕೆಂಬ ಪ್ರಾಮಾಣಿಕತೆಯಿದೆ. ದೇವರಾಯನದುರ್ಗವು 8 ಅಡಿಯ ಫಲಕದಲ್ಲಿ ದೊಡ್ಡದಾಗದು, 1 ಅಂಗುಲದ ಬಿಲ್ಲೆಯಲ್ಲಿ ಚಿಕ್ಕದಾಗದು. ಅದನ್ನು ತೋರಿಸುವವರ ಕೈ ಸತ್ಯವಾಗಿದ್ದರೆ ಎರಡರಲ್ಲಿಯೂ ಅದು ಅದೇ ಬೆಟ್ಟವಾಗಿರುತ್ತದೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ದೇವರಾಯನದುರ್ಗಕ್ಕೆ ಹಿಂದೆ ಇದ್ದ ಹೆಸರುಗಳಾವುವು?
2. ರಸೆಲ್ ಕಿರ್ಷ್ ಗಣಕಕ್ಕೆ ಉಣಿಸಿದ ಚಿತ್ರದಲ್ಲಿ ಒಟ್ಟು ಎಷ್ಟು ಚುಕ್ಕಿಗಳಿದ್ದವು?
3. ತಂತ್ರಾಂಶದಲ್ಲಿನ ಸರಪಳಿಯ ಗುರುತು ಏನನ್ನು ಕಾಪಾಡುತ್ತದೆ?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ.
1. ರಂಗೋಲಿಯನ್ನು ದೊಡ್ಡದು ಮಾಡುವ ಎರಡು ದಾರಿಗಳು ಯಾವುವು? ಅವು ಛಾಯಾಚಿತ್ರಕ್ಕೆ ಹೇಗೆ ಅನ್ವಯಿಸುತ್ತವೆ?
2. ಕುಗ್ಗಿಸಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಹೋದ ವಿವರ ಏಕೆ ಮರಳಿ ಬಾರದು?
3. ಕನ್ನಡ ಅಕ್ಷರಗಳಿರುವ ಚಿತ್ರವನ್ನು ಕುಗ್ಗಿಸುವಾಗ ಯಾವ ದೋಷ ಸಂಭವಿಸಬಹುದು?

ಇ. ಹತ್ತು ವಾಕ್ಯಗಳಲ್ಲಿ ವಿವರಿಸಿ.
1. ಯಂತ್ರವು ಊಹಿಸಿ ಹಿಗ್ಗಿಸಿದ ಚಿತ್ರವು ಅಲಂಕಾರಕ್ಕೆ ಸಲ್ಲಬಹುದು, ಸಾಕ್ಷ್ಯಕ್ಕೆ ಸಲ್ಲದು. ಈ ಮಾತನ್ನು ಪಾಠದ ಉದಾಹರಣೆಗಳಿಂದ ಸಮರ್ಥಿಸಿ.

ಈ. ಮಾಡಿ ನೋಡಿ.
1. 6 ಅಂಗುಲಕ್ಕೆ 4 ಅಂಗುಲದ ಚಿತ್ರವೊಂದರ ಮೇಲೆ ಅರ್ಧ ಅಂಗುಲದ ಚೌಕಗಳನ್ನು ಎಳೆದು, ಅದನ್ನು ಎರಡು ಪಟ್ಟು ಅಳತೆಯ ಕಾಗದಕ್ಕೆ ಇಳಿಸಿ. ವಿಸ್ತೀರ್ಣ ಎಷ್ಟು ಪಟ್ಟು ಹೆಚ್ಚಿತೆಂದು ಲೆಕ್ಕ ಹಾಕಿ.
2. ನಿಮ್ಮ ಊರಿನಲ್ಲಿರುವ ಹಳೆಯ ಶಾಸನ ಅಥವಾ ವೀರಗಲ್ಲಿನ ಚಿತ್ರವನ್ನು ತೆಗೆದು, ಮೂಲವನ್ನು ಅಳತೆ ಬದಲಿಸದೆ ಶಾಲೆಯಲ್ಲಿ ಸಂಗ್ರಹಿಸಿಡಿ.